ಖಾಲಿ ಒರಳಿಗೆ ಒನಕೆ ಪೆಟ್ಟು

ನಮ್ಮ ಸಿನಿಮಾದಲ್ಲಿ ಹಳ್ಳಿ ತೋರಿಸೋಕೆ ಹೊಲವೂ ಬೇಡ, ದನವೂ ಬೇಡ. ಒಂದು ಒರಳು, ಒಂದು ಒನಕೆ, ಸೆರಗು ಸಿಕ್ಕಿಸಿದ ನಾಯಕಿ ಇದ್ದರೆ ಸಾಕು. ಒನಕೆ ಸ್ಲೋ ಮೋಷನ್‌ನಲ್ಲಿ ಮೇಲೇಳುತ್ತದೆ, ಹಣೆ ಮೇಲೆ ಸ್ಪ್ರೇ ಬಾಟಲಿಯ ಬೆವರು ಮಿಂಚುತ್ತದೆ, ಕೊಳಲು ಶುರುವಾಗುತ್ತದೆ. ಒರಳೊಳಗೆ ಏನಿದೆ ಅಂತ ಕ್ಯಾಮೆರಾ ಮಾತ್ರ ಬಗ್ಗಿ ನೋಡುವುದಿಲ್ಲ. ಏನೂ ಇಲ್ಲ, ಅದಕ್ಕೇ. ಮುಂದಿನ ಸೀನಲ್ಲಿ ಅವಳು ಬಿಸಿ ಮುದ್ದೆ ಬಡಿಸುತ್ತಾಳೆ. ರಾಗಿ ಹಿಟ್ಟಿಗೆ ಬೀಸಬೇಕು ಕಣ್ರೀ, ಕುಟ್ಟೋದಲ್ಲ!

ಆ ಹಳ್ಳಿ ಯಾವ ಜಿಲ್ಲೆಯದು ಅಂತಲೂ ಕೇಳಬೇಡಿ. ಮನೆ ತೀರ್ಥಹಳ್ಳಿ ಕಡೆಯದು, ಮಾತು ಮಂಡ್ಯದ್ದು, ಜೋಳದ ರೊಟ್ಟಿ ಬಡಿಯೋ ಅಜ್ಜಿ ಧಾರವಾಡದವಳು.

ಸಿಟಿ ತೋರಿಸೋದು ಇನ್ನೂ ಸುಲಭ. ಉದ್ದನೆ ಡೈನಿಂಗ್ ಟೇಬಲ್, ಬ್ರೆಡ್ಡು, ಜಾಮು, ಗಾಜಿನ ಜಗ್ಗಿನಲ್ಲಿ ಕಿತ್ತಳೆ ಜ್ಯೂಸು. ಮಗಳು ಬ್ರೆಡ್ಡಿನ ತುದಿ ಕಚ್ಚಿ 'ಬೈ ಮಾಮ್' ಅಂತ ಓಡುತ್ತಾಳೆ. ಸಿನಿಮಾದ ಬೆಂಗಳೂರಲ್ಲಿ ತಿಂಡಿ ಪೂರ್ತಿ ತಿಂದವರನ್ನು ನಾನಂತೂ ನೋಡಿಲ್ಲ. ಹಾಗಾದರೆ ಬೆಳಬೆಳಗ್ಗೆ ದರ್ಶಿನಿ ಮುಂದೆ ನಿಂತು ಇಡ್ಲಿಗೆ ಎರಡನೇ ಸಲ ಚಟ್ನಿ ಹಾಕಿಸಿಕೊಳ್ಳೋರು, ಮಧ್ಯಾಹ್ನ ಮಿಲ್ಟ್ರಿ ಹೋಟೆಲಲ್ಲಿ ಮುದ್ದೆಗೆ ಕಾಯೋರು ಯಾವ ಊರಿನವರಪ್ಪ?

ಮುದ್ದೆ ಅಂದರೆ ಸುಮ್ನೆ ಅಲ್ಲ. ಎಸರು ಕುದಿಯಬೇಕು. ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಕೈಯಾಡಿಸದೆ ಬೇಯೋಕೆ ಬಿಡಬೇಕು. ಆಮೇಲೆ ಪಾತ್ರೆ ಅಲ್ಲಾಡದ ಹಾಗೆ ಅದುಮಿ ಹಿಡಿದು, ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು, ಗಂಟು ಉಳಿಯದ ಹಾಗೆ ಕೋಲಲ್ಲಿ ತೊಳಸಬೇಕು. ರಟ್ಟೆ ಬಿದ್ದುಹೋಗುತ್ತದೆ. ಕೈಗೆ ನೀರು ಮುಟ್ಟಿಸಿಕೊಂಡು ಉಂಡೆ ಕಟ್ಟುವಾಗ ಅಂಗೈ ಕೆಂಪಾಗುತ್ತದೆ. ಸಿನಿಮಾದಲ್ಲಿ ಮಾತ್ರ ಹಿಟ್ಟು, ಹಾಡು, ಮುದ್ದೆ. ಮುಗೀತು.

ಬೀಸುವ ಪದ ಕೇಳಿ ನಿರ್ದೇಶಕರಿಗೆ ಕಣ್ಣೀರು ಬರುತ್ತದೆ. ಹೊತ್ತು ಹುಟ್ಟೋಕೆ ಮುಂಚೆ ಎದ್ದು ಕಲ್ಲು ತಿರುಗಿಸುತ್ತಾ, ಅತ್ತೆ ಕಾಟವನ್ನೂ ತವರಿನ ನೆನಪನ್ನೂ ಹೆಂಗಸರು ಹಾಡಿಕೊಂಡ ಪದಗಳವು. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಆ ಹೆಂಗಸರು ಅಳಲಿಲ್ಲ. ಮಿಕ್ಸಿ ಬಂದಾಗಲೂ ಅಷ್ಟೆ. ಅಳುತ್ತಿರೋದು ಒಂದು ದಿನವೂ ಕಲ್ಲು ತಿರುಗಿಸದ ಗಂಡಸರು. ಅದಕ್ಕೇ ಶೂಟಿಂಗ್ ಅಂದರೆ ಮೊದಲು ಆ ಮನೆಯ ಗ್ಯಾಸ್ ಸಿಲಿಂಡರ್ ಹಿತ್ತಲಿಗೆ ಹೋಗುತ್ತದೆ, ಮಿಕ್ಸಿ ಮಂಚದ ಕೆಳಗೆ ಹೋಗುತ್ತದೆ, ಟೈಲ್ಸ್ ನೆಲದ ಮೇಲೆ ಸಗಣಿ ಬರುತ್ತದೆ.

ಆಮೇಲೆ ನಾಯಕನ ಭಾಷಣ. ಫಾರಿನ್ನಿಂದ ಬಂದವಳು ಮುದ್ದೆ ಅಗಿಯುತ್ತಾಳೆ, ಇವನು 'ಅಗಿಯಂಗಿಲ್ಲ ಕಣಮ್ಮಿ, ನುಂಗ್ಬೇಕು' ಅನ್ನುತ್ತಾನೆ. 'ಹಿಟ್ಟಂ ಬಾಯೊಳಿಟ್ಟಂ ಬೆಟ್ಟಂ ಕಿತ್ತಿಟ್ಟಂ' ಅಂತ ಮೀಸೆ ತಿರುವುತ್ತಾನೆ. ಕಟ್ ಅಂದ ಕೂಡಲೇ ಮೊಟ್ಟೆಯ ಬಿಳಿಭಾಗ, ಬೇಯಿಸಿದ ಕೋಳಿ. ಸಿಕ್ಸ್ ಪ್ಯಾಕ್ ಬೆಟ್ಟ ಕಿತ್ತು ಬಂದದ್ದಲ್ಲವಲ್ಲ.

ಇನ್ನು ನಮ್ಮ ಕಥೆ. 2023 ಅನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿತ್ತು. ರಾಗಿ, ಜೋಳಕ್ಕೆ ಜಗತ್ತೇ ಜೈ ಅಂದಿತು. ಅದೇ ವರ್ಷ ಜನವರಿಯಲ್ಲಿ ಸುಪ್ರೀಂ ಕೋರ್ಟು, ಹೊರಗಿನ ತಿಂಡಿಯನ್ನು ಥಿಯೇಟರ್‌ನವರು ಬೇಡ ಅನ್ನಬಹುದು ಅಂತ ತೀರ್ಪು ಕೊಟ್ಟಿತು. ಹೀಗಾಗಿ ರೊಟ್ಟಿಯನ್ನು ಹೊಗಳೋ ಸಿನಿಮಾಕ್ಕೆ ರೊಟ್ಟಿ ಬುತ್ತಿ ಒಯ್ದರೆ ಸೆಕ್ಯೂರಿಟಿ ಅಣ್ಣ ಬಾಗಿಲಲ್ಲೇ ತೆಗೆದಿಡಬಹುದು. ಒಳಗೆ ನಾಯಕ ಬ್ರೆಡ್ ತಿನ್ನೋರಿಗೆ ಬೈಯುತ್ತಾನೆ, ನಾವು ಪಾಪ್‌ಕಾರ್ನ್ ತೊಡೆ ಮೇಲಿಟ್ಟುಕೊಂಡು ಶಿಳ್ಳೆ ಹೊಡೆಯುತ್ತೇವೆ. ಇಂಟರ್ವಲ್‌ನಲ್ಲಿ ಜಗಳ ಆಗೋದು ಒಂದೇ ವಿಷಯಕ್ಕೆ: ಚೀಸಿಂದೋ, ಕ್ಯಾರಮೆಲ್ಲೋ?