ಒಳ್ಳೆ ರಾಜ ಬೇಕಂತೆ!

ಬೆಳಗ್ಗೆ ಎದ್ದು ಫೋನ್ ತೆಗೆದರೆ ಹಳೇ ಗೆಳೆಯರ ಗ್ರೂಪಿನಲ್ಲಿ ಮತ್ತೆ ಅದೇ ರಾಗ. ‘ಈ ಚುನಾವಣೆ ಗಿನಾವಣೆ ಸಾಕಪ್ಪ, ಒಬ್ಬ ಒಳ್ಳೆ ರಾಜ ಇದ್ದಿದ್ರೆ ಎಲ್ಲ ಸರಿಹೋಗ್ತಿತ್ತು.’ ಅದಕ್ಕೆ ಹದಿನಾಲ್ಕು ಹೆಬ್ಬೆರಳು, ಎರಡು ಕಿರೀಟ! ನನ್ನ ಸಿಟ್ಟು ನಿಮಗೆ ಗೊತ್ತಲ್ಲ.

ಸರಿ, ಒಳ್ಳೆ ರಾಜನೇ ಸಿಕ್ಕಿದ ಅಂತ ಇಟ್ಟುಕೊಳ್ಳೋಣ. ಅವನ ಮಗ? ಇಂಗ್ಲೆಂಡಿನ ಐದನೇ ಹೆನ್ರಿ ದೊಡ್ಡ ಶೂರ, ಜನ ಕೊಂಡಾಡಿದ ದೊರೆ. 1422ರಲ್ಲಿ ಅವನು ಸತ್ತಾಗ ಪಟ್ಟ ಸಿಕ್ಕಿದ್ದು ಒಂಬತ್ತು ತಿಂಗಳ ಕೂಸಿಗೆ. ಆ ಕೂಸು ಬೆಳೆಯಿತು. 1453ರಲ್ಲಿ ಬುದ್ಧಿಭ್ರಮಣೆಯಾಗಿ ವರ್ಷಕ್ಕೂ ಜಾಸ್ತಿ ಕಾಲ ಯಾರನ್ನೂ ಗುರುತಿಸಲಿಲ್ಲ. ಆಗ ತಾನೇ ಹುಟ್ಟಿದ ಮಗನನ್ನು ಮುಂದೆ ತಂದು ತೋರಿಸಿದರೂ ಮಾತಿಲ್ಲ. ಪಾಪ, ಕಾಯಿಲೆ ಅವನ ತಪ್ಪಲ್ಲ. ಆದರೆ ಅಂಥವನನ್ನು ಇಳಿಸೋಕೆ ಇದ್ದ ದಾರಿ ಯಾವುದು? ಕತ್ತಿ. 1455ರಿಂದ ಸುಮಾರು ಮೂವತ್ತು ವರ್ಷ ದಾಯಾದಿಗಳು ಬಡಿದಾಡಿದರು. ಅದರಲ್ಲಿ ಸತ್ತ ಸಾಮಾನ್ಯ ಸಿಪಾಯಿಗೆ ಆ ಸಿಂಹಾಸನದಿಂದ ಏನಾಗಬೇಕಿತ್ತು ಹೇಳಿ?

ನಾನು ಕೇಳುವುದು ಇದೊಂದೇ. ಬೇಡವಾದಾಗ ಇಳಿಸೋದು ಹೇಗೆ?

‘ಸ್ವೀಡನ್ ನೋಡು, ರಾಜ ಇಲ್ವಾ, ದೇಶ ಚೆನ್ನಾಗಿಲ್ವಾ?’ ಅಂತ ಒಬ್ಬ ಮಹಾನುಭಾವ ಬಂದ. ಚೆನ್ನಾಗೇ ಇದೆ ಮಾರಾಯ. 1974ರ ಸಂವಿಧಾನದಲ್ಲಿ ಅವರು ಪ್ರಧಾನಿಯನ್ನು ನೇಮಿಸುವ ಕೆಲಸವನ್ನೂ ರಾಜನ ಕೈಯಿಂದ ತೆಗೆದರು. ರಿಬ್ಬನ್ ಕತ್ತರಿಸುವ ರಾಜ ಇದ್ದರೆ ಇರಲಿ, ನನ್ನದೇನು ಹೋಗುತ್ತೆ. ನಿಜವಾಗಿ ಆಳುವ ರಾಜ ಬೇಕಾ? ಆಫ್ರಿಕಾದ ಎಸ್ವಾಟಿನಿ ಇದೆ. ಅಲ್ಲಿ 1973ರಲ್ಲಿ ರಾಜ ಸಂವಿಧಾನವನ್ನೇ ರದ್ದು ಮಾಡಿ ಪಕ್ಷಗಳನ್ನು ನಿಷೇಧಿಸಿದ. ಈಗ ಆಳುತ್ತಿರುವವನು ಅವನ ಮಗ. ಇನ್ನು ಚುನಾವಣೆ ನಡೆಯುವ ಥಾಯ್ಲೆಂಡಿನಲ್ಲೇ ರಾಜನಿಗೆ ಅವಮಾನ ಮಾಡಿದರೆ ಒಂದೊಂದು ಆರೋಪಕ್ಕೂ 3ರಿಂದ 15 ವರ್ಷ ಜೈಲು. ದಿನಾ ರಾತ್ರಿ ಮಂತ್ರಿಗಳಿಗೆ ಬೈದು ನೆಮ್ಮದಿಯಾಗಿ ಮಲಗುವ ನಮ್ಮ ಗೆಳೆಯ ಅಲ್ಲಿ ಎಷ್ಟು ದಿನ ಹೊರಗೆ ಇರ್ತಿದ್ದನೋ!

‘ಚುನಾವಣೆಯಲ್ಲೂ ಅಪ್ಪ ಆದಮೇಲೆ ಮಗನೇ ಬರ್ತಾನಲ್ಲ’ ಅಂತೀರಿ. ಬರ್ತಾನೆ. ನನಗೂ ಮೈ ಉರಿಯುತ್ತೆ. ಆದರೆ ಕೈ ಮುಗಿದುಕೊಂಡು ಬರ್ತಾನೆ, ಸೋತರೆ ಮನೆಗೆ ಹೋಗ್ತಾನೆ. ಯಾರೂ ಸಾಯಬೇಕಾಗಿಲ್ಲ, ಅಲ್ವಾ?

ಒಂದು ಒಪ್ಪಿಕೊಂಡುಬಿಡ್ತೀನಿ. ಕಳೆದ ಸಲ ನಾನು ಮತ ಹಾಕಲಿಲ್ಲ. ರಜೆ ಇತ್ತು, ಸುಮ್ನೆ ಮಲಗಿಬಿಟ್ಟೆ. ಇಷ್ಟುದ್ದ ಬರೆಯೋಕೆ ನನಗೆ ಯಾವ ಮುಖ ಇದೆ ಅಂತ ಕೇಳಿದರೆ ಉತ್ತರ ಇಲ್ಲ.

ಇದಿಷ್ಟನ್ನೂ ಗ್ರೂಪಿಗೂ ಹಾಕಿದೆ. ಗೆಳೆಯ ಅದರ ಕೆಳಗೆ ಇನ್ನೊಂದು ಕಿರೀಟ ಒತ್ತಿದ್ದಾನೆ.