ಸಂಗೀತದ ಪಿರಿಯಡ್: ಹಾಡಿಸಿದರೆ ಸಾಕೇ, ಕೇಳುವುದನ್ನೂ ಕಲಿಸಬೇಕೇ?

ಪರ: ಮೊದಲು ಫ್ಯಾನ್ ಆಫ್ ಮಾಡಿ
(ಹೈಸ್ಕೂಲ್ ಸಂಗೀತ ಶಿಕ್ಷಕಿ)

ಎಂಟನೇ ಕ್ಲಾಸಿನ ಹೊಸ ಮಕ್ಕಳ ಮುಂದೆ ನಾನು ಮೊದಲು ಮಾಡುವ ಕೆಲಸ ಫ್ಯಾನ್ ಆಫ್ ಮಾಡುವುದು. "ಸೆಕೆ ಮಿಸ್" ಎಂದು ಗೊಣಗುತ್ತಾರೆ. ಗೊಣಗಲಿ. ತಂಬೂರಿಯ ಪಂಚಮದ (ಪ ಸ್ವರದ) ತಂತಿಯನ್ನು ಬೇಕೆಂದೇ ಸ್ವಲ್ಪ ಇಳಿಸುತ್ತೇನೆ. ಆಮೇಲೆ ಬಿರಡೆಯನ್ನು ನಿಧಾನವಾಗಿ ತಿರುಗಿಸುತ್ತಾ, "ಮಿಕ್ಕ ತಂತಿಗಳ ಶ್ರುತಿಗೆ ಸೇರಿತು ಅನ್ನಿಸಿದಾಗ ಕೈ ಎತ್ತಿ" ಅನ್ನುತ್ತೇನೆ. ಮೊದಲ ದಿನ ಪಕ್ಕದವರನ್ನು ನೋಡಿ ಎತ್ತುವವರೇ ಜಾಸ್ತಿ. ಅದಕ್ಕೇ ಎರಡನೇ ವಾರ ಕಣ್ಣು ಮುಚ್ಚಿಸುತ್ತೇನೆ. ದೀಪಾವಳಿ ಹೊತ್ತಿಗೆ ಮುಕ್ಕಾಲು ಪಾಲು ಕೈಗಳು ಒಟ್ಟಿಗೇ ಏಳುತ್ತವೆ.

ಇದನ್ನು ಪಾಠ ಅನ್ನದೆ ಇನ್ನೇನನ್ನಲಿ?

ನಮ್ಮಲ್ಲಿ ಸಂಗೀತದ ಪಿರಿಯಡ್ ಅಂದರೆ ಬರೀ ಹಾಡಿಸುವುದು. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆ (ಸ ರಿ ಗ ಮದ ಮೊದಲ ಪಾಠ), ಆಮೇಲೆ ಜಂಟಿ ವರಸೆ (ಒಂದೊಂದು ಸ್ವರ ಎರಡೆರಡು ಸಲ), ಆಗಸ್ಟ್ 15 ಹತ್ತಿರ ಬಂದರೆ ದೇಶಭಕ್ತಿಗೀತೆ. ನಲವತ್ತು ಮಕ್ಕಳು ನಲವತ್ತು ಶ್ರುತಿಯಲ್ಲಿ ಕೂಗುತ್ತಾರೆ. ನಾವು "ಶ್ರುತಿ, ಶ್ರುತಿ" ಎಂದು ಬೈಯುತ್ತೇವೆ. ಅದು ಹೇಗಿರುತ್ತದೆ ಎಂದು ಅವರ ಕಿವಿಗೆ ತೋರಿಸಿಯೇ ಇರುವುದಿಲ್ಲ.

ನಮ್ಮ ರಾಜ್ಯದಲ್ಲಿ ಮೈಸೂರಿನ ಕಡೆ ಕರ್ನಾಟಕ ಸಂಗೀತ, ಧಾರವಾಡದ ಕಡೆ ಹಿಂದೂಸ್ತಾನಿ. ಎರಡೂ ಮನೆಯವೇ. ಕರ್ನಾಟಕ ಸಂಗೀತದ ಹಿಂದೋಳ ರಾಗ, ಹಿಂದೂಸ್ತಾನಿಯ ಮಾಲ್‌ಕೌಂಸ್ ಒಂದರ ಹಿಂದೆ ಒಂದು ಕೇಳಿಸಿ ನೋಡಿ. ಎರಡಕ್ಕೂ ಅದೇ ಐದು ಸ್ವರ, ಸ ಗ ಮ ದ ನಿ. (ಹಿಂದೂಸ್ತಾನಿಯ ಹಿಂದೋಲ್ ಬೇರೆಯೇ ರಾಗ, ಹೆಸರಿಗೆ ಮೋಸ ಹೋಗಬೇಡಿ.) ಕೇಳಿದ ಮೇಲೆ ಒಬ್ಬ ಹುಡುಗ, "ಮಿಸ್, ಮೊದಲ್ನೇದು ಅಲ್ಲಾಡ್ತಾ ಹೋಗುತ್ತೆ, ಎರಡನೇದು ಜಾರ್ತಾ ಹೋಗುತ್ತೆ" ಅಂದ. ಅಲ್ಲಾಡುವುದಕ್ಕೆ ಗಮಕ, ಜಾರುವುದಕ್ಕೆ ಮೀಂಡ್ ಎಂದು ಬೋರ್ಡಿನ ಮೇಲೆ ಬರೆಯುವುದು ಆಮೇಲಿನ ಕೆಲಸ.

ಆ ಹುಡುಗ ಹಾಡುವುದೇ ಇಲ್ಲ. ದನಿ ಒಡೆಯುವ ವಯಸ್ಸು, ಬಾಯಿ ತೆರೆದರೆ ಪಕ್ಕದವರು ನಗುತ್ತಾರೆ. ಹಾಡಿಸುವುದೊಂದೇ ಸಂಗೀತವಾದರೆ ಇಂಥ ಹುಡುಗರು ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರಬೇಕು. ಭೀಮಸೇನ ಜೋಶಿ ಆಗುವವರು ಕೋಟಿಗೊಬ್ಬರು. ಮಿಕ್ಕವರೆಲ್ಲ ಕೇಳುವವರೇ ಅಲ್ವಾ?

ವಿರೋಧ: ಭಜನೆಗೆ ಯಾವ ಪಾಠ ಇತ್ತು?
(ನಿವೃತ್ತ ಮುಖ್ಯಶಿಕ್ಷಕ)

ವಿರೋಧ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ಕೇಳುವುದೇ ಬೇಡ ಅನ್ನುವಷ್ಟು ದಡ್ಡ ನಾನಲ್ಲ. ಆದರೆ ನಮ್ಮ ಶಾಲೆಯಲ್ಲಿ ಸಂಗೀತಕ್ಕೆ ಇದ್ದದ್ದು ವಾರಕ್ಕೊಂದು ಪಿರಿಯಡ್, 40 ನಿಮಿಷ. ಅದರಲ್ಲೂ ಮಕ್ಕಳು ಫ್ಯಾನ್ ಇಲ್ಲದೆ ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತರೆ ಹಾಡುವುದು ಯಾವಾಗ? ಫೆಬ್ರವರಿ ಬಂದರೆ ಆ ಪಿರಿಯಡ್ಡೂ ಗಣಿತದವರ ಪಾಲು. ಎಷ್ಟೋ ಸಲ ನಾನೇ ಕೊಟ್ಟಿದ್ದೇನೆ.

ನಾಡಗೀತೆಯನ್ನೇ ನೋಡಿ. ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡ್ ಎಂದು 2022ರಲ್ಲಿ ಸರ್ಕಾರ ಆದೇಶ ಮಾಡಿತು. ಮಕ್ಕಳು ಪ್ರಾರ್ಥನೆಯಲ್ಲಿ ದಿನಾ ಹಾಡಿ ಹಾಡಿ ಕಲಿತರು. ಹಾಡಿ ಕಲಿತರು, ಕೂತು ಕೇಳಿ ಅಲ್ಲ.

ನಾನೂ ಹಾಗೇ ಕಲಿತವನು. ನಮ್ಮೂರ ರಾಮಮಂದಿರದಲ್ಲಿ ಶನಿವಾರ ರಾತ್ರಿ ಭಜನೆ. ಹತ್ತು ವರ್ಷಕ್ಕೇ ನನ್ನ ಕೈಗೆ ತಾಳ ಕೊಟ್ಟು ಹಾರ್ಮೋನಿಯಂ ಪಕ್ಕ ಕೂರಿಸಿದರು. ತಪ್ಪಿದರೆ ಅಜ್ಜ ಮಾತಾಡುತ್ತಿರಲಿಲ್ಲ, ಕಿವಿ ಹಿಂಡುತ್ತಿದ್ದರು. ಕಿವಿಯ ಪಾಠ ಅಂದರೆ ಅದೊಂದೇ. ಹನ್ನೊಂದು ಗಂಟೆಗೆ ಮಂಗಳಾರತಿ, ಬಾಳೆಲೆ ಚೂರಿನಲ್ಲಿ ಕಡಲೆ ಉಸಲಿ. ನಿದ್ದೆಗಣ್ಣಿನಲ್ಲೂ ತಾಳ ತಪ್ಪುತ್ತಿರಲಿಲ್ಲ. ಈಗಲೂ ತಪ್ಪುವುದಿಲ್ಲ.

ನಮ್ಮ ದೊಡ್ಡಪ್ಪ ಮಾತ್ರ ಅದೇ ಮಂದಿರದಲ್ಲಿ ನಲವತ್ತು ವರ್ಷ ಹಾಡಿದರೂ ಕೊನೆಯವರೆಗೆ ಶ್ರುತಿಗೆ ಸೇರಲಿಲ್ಲ. ಅದನ್ನು ಇಲ್ಲಿ ಬರೆಯಬಾರದಿತ್ತೇನೋ.