ಕೀ ಆಕ್ಟಿವೇಟ್ ಆದ್ರೆ ಗೇಮ್ ನಮ್ಮದೇನಾ?

ಬಳ್ಳಾರಿಯ ಗೇಮಿಂಗ್ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮಾತು ಓಡಾಡುತ್ತಿದೆ: ಅಗ್ಗದ ಕೀ (ಗೇಮ್ ಆಕ್ಟಿವೇಟ್ ಮಾಡೋ ಕೋಡ್) ಒಮ್ಮೆ ಅಕೌಂಟಿಗೆ ಬಿದ್ದರೆ ಯಾರೂ ಕಿತ್ತುಕೊಳ್ಳಲ್ಲ ಅಂತ. ಇದು ತಪ್ಪು. 2015ರಲ್ಲಿ ಗೇಮ್ ಕಂಪನಿ ಯೂಬಿಸಾಫ್ಟ್, ಕದ್ದ ಕ್ರೆಡಿಟ್ ಕಾರ್ಡ್‌ನಿಂದ ಕೊಂಡವು ಅಂತ ಫಾರ್ ಕ್ರೈ 4 ಕೀಗಳನ್ನು ರದ್ದು ಮಾಡಿತು, ದುಡ್ಡು ಕೊಟ್ಟವರ ಲೈಬ್ರರಿಯಿಂದ ಗೇಮೇ ಮಾಯ. ಗಲಾಟೆ ಆದ ಮೇಲೆ, ಆಡಲು ಶುರು ಮಾಡಿದ್ದವರಿಗೆ ವಾಪಸ್ ಕೊಟ್ಟಿತು ಅನ್ನಿ.

ಹಾಗಂತ ಅಗ್ಗದ್ದೆಲ್ಲ ಮೋಸ ಅಲ್ಲ. ಫ್ಯಾನಟಿಕಲ್, ಹಂಬಲ್ ಥರದ ಆನ್‌ಲೈನ್ ಅಂಗಡಿಗಳು ಗೇಮ್ ಕಂಪನಿಗಳಿಂದಲೇ ಕೀ ತರುತ್ತವೆ. ಜಿಟುಎ, ಕಿಂಗ್ವಿನ್ ಸೈಟ್‌ಗಳು ಸಂತೆ ಇದ್ದ ಹಾಗೆ, ಮಾರೋನು ಯಾರೋ. ಫ್ಯಾಕ್ಟೋರಿಯೋ ಗೇಮಿನ 198 ಕದ್ದ ಕೀಗಳು ತನ್ನಲ್ಲಿ ಮಾರಾಟವಾಗಿದ್ದನ್ನು ಜಿಟುಎ 2020ರಲ್ಲಿ ತಾನೇ ಒಪ್ಪಿಕೊಂಡು, ತಯಾರಕರಿಗೆ ಸುಮಾರು 40,000 ಡಾಲರ್ ಕೊಟ್ಟಿತು. ಅಲ್ಲೇ ಕೊಳ್ಳೋದಾದ್ರೆ ಕೀ ಯಾವ ದೇಶದ್ದು ನೋಡಿ, ಬೇರೆ ಕಡೆಯದು ಇಲ್ಲಿ ನಡೆಯದೇ ಇರಬಹುದು.